ದೇವರ ಹೆಗಲ ಮೇಲೆ ಕಾಲಿಟ್ಟವಳು

ಬೆಂಗಳೂರಿನಲ್ಲಿ ಯಾರಾದರೂ ‘ನಿಮ್ಮೂರು ಯಾವುದು?’ ಅಂತ ಕೇಳಿದಾಗ ‘ಬನಶಂಕರಿ’ ಅಂದೆನೋ, ಮರುಪ್ರಶ್ನೆ ಗ್ಯಾರಂಟಿ: ‘ಯಾವ ಸ್ಟೇಜು?’ ಉತ್ತರ ಹೇಳಿ ಹೇಳಿ ಸಾಕಾಗಿ ಈಗೀಗ ‘ಜೀರೋ ಸ್ಟೇಜು’ ಅಂತೀನಿ. ಬಾದಾಮಿಯಿಂದ ಸುಮಾರು 5 ಕಿಲೋಮೀಟರ್, ಚೊಳಚಗುಡ್ಡದ ಹತ್ತಿರ, ಹರಿದ್ರಾ ತೀರ್ಥದ ದಂಡೆಯ ಬನಶಂಕರಿ ಅದು. ಬಡಾವಣೆ ಅಲ್ಲ, ಊರು. ಹೆಸರು ಒಂದು ಕಡೆಯದು, ಅದನ್ನು ಕೇಳಿದವರ ತಲೆಯಲ್ಲಿ ಮೂಡುವ ಜಾಗ ಇನ್ನೊಂದು ಕಡೆಯದು. ಈ ಕಿರಿಕಿರಿ ನನಗೆ ಹಳೆಯದು. ಅದಕ್ಕೇ ಇರಬೇಕು, ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಆಡುವಾಗ ಬೇರೆಯವರಿಗೆ ಚುಚ್ಚದ ಒಂದು ಮುಳ್ಳು ನನಗೆ ಮೊದಲೇ ಚುಚ್ಚಿತು.

ಗೇಮ್ ಗೊತ್ತಿಲ್ಲದವರಿಗೆ ಎರಡು ಮಾತು. ಕ್ಯಾಲಿಫೋರ್ನಿಯಾದ ನಾಟಿ ಡಾಗ್ ಕಂಪನಿ 2017ರ ಆಗಸ್ಟಿನಲ್ಲಿ ಪಿಎಸ್4ಗೆ ತಂದ ಆ್ಯಕ್ಷನ್-ಅಡ್ವೆಂಚರ್ ಆಟ ಇದು. ಮೊದಲು ‘ಅನ್‌ಚಾರ್ಟೆಡ್ 4’ಕ್ಕೆ ಬಾಲಂಗೋಚಿಯಾಗಿ ಶುರುವಾಗಿದ್ದು, ಬೆಳೆದು ತಾನೇ ಒಂದು ಆಟವಾಯಿತು. ಸರಣಿಯ ಖಾಯಂ ಹೀರೋ ನೇಥನ್ ಡ್ರೇಕ್ ಇದರಲ್ಲಿ ಇಲ್ಲ. ಅವನ ಜಾಗದಲ್ಲಿ ಇಬ್ಬರು ಹೆಂಗಸರು: ಅರ್ಧ ಭಾರತ, ಅರ್ಧ ಆಸ್ಟ್ರೇಲಿಯಾದ ಕ್ಲೋಯಿ ಫ್ರೇಜರ್, ದಕ್ಷಿಣ ಆಫ್ರಿಕಾದ ನಡೀನ್ ರಾಸ್. ಹುಡುಕುತ್ತಿರುವುದು ಗಣೇಶನ ಮುರಿದ ದಂತವನ್ನು. ಎಲ್ಲಿ? ಕರ್ನಾಟಕದ ಪಶ್ಚಿಮ ಘಟ್ಟದಲ್ಲಿ, ಹೊಯ್ಸಳರ ಹಳೇಬೀಡು, ಬೇಲೂರುಗಳಲ್ಲಿ!

ಮೊದಲ ಸಲ ಕ್ಲೋಯಿ ಬಾಯಲ್ಲಿ ‘ಹೊಯ್ಸಳ’ ಅಂತ ಕೇಳಿದಾಗ ನಾನು ಆಟ ನಿಲ್ಲಿಸಿ ನಾಲ್ಕು ಜನಕ್ಕೆ ಮೆಸೇಜ್ ಹಾಕಿದ್ದೆ. ಮೂವರಿಗೆ ಅದು ಪೊಲೀಸ್ ಗಾಡಿಯ ಹೆಸರಾಗಿ ಮಾತ್ರ ನೆನಪಾಯಿತು, ಇರಲಿ. ಜಗತ್ತಿನ ಅತಿ ದುಬಾರಿ ಮನರಂಜನೆಯೊಂದರಲ್ಲಿ ನಮ್ಮ ಹೆಸರು ಬಂತಲ್ಲ ಅನ್ನೋ ಪುಳಕ ಸುಳ್ಳಲ್ಲ. ಆ ಪುಳಕದಲ್ಲೇ ಮೊದಲ ಸಲ ಇಡೀ ಆಟ ಮುಗಿಸಿದೆ. ವಿಮರ್ಶೆ ಮಾಡುವ ಬುದ್ಧಿ ಬಂದದ್ದು ಎರಡನೇ ಸಲ, ಹೋದ ವರ್ಷ ಬನದ ಹುಣ್ಣಿಮೆಯ ಜಾತ್ರೆಗೆ ರಜೆ ಹಾಕಿ, ಪಿಎಸ್4ಅನ್ನು ಟವೆಲಿನಲ್ಲಿ ಸುತ್ತಿ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಒಯ್ದಾಗ. ಒಯ್ದದ್ದು ಅಣ್ಣನ ಮಗನಿಗಾಗಿ. ಅವನಿಗೆ ಹನ್ನೆರಡು. ಮೊಬೈಲಿನಲ್ಲಿ ಗುಂಡು ಹಾರಿಸುವ ಆಟಗಳಲ್ಲಿ ಪಳಗಿದವನು. ಆದರೆ ನಿಜವಾದ ವಿಮರ್ಶಕಿ ಹಿಂದೆ ಕುಂತಿದ್ದಳು, ಮೆಂತೆಪಲ್ಲೆ ಸೋಸುತ್ತ.

‘ಯಾಕೋ ತಮ್ಮಾ, ಆ ಹುಡುಗಿ ಎಲ್ಲಿಗೆ ಹೊಂಟಾಳ?’ ಅಂದಳು ಅವ್ವ.

‘ಗಣಪ್ಪನ ಹಲ್ಲು ಹುಡುಕಾಕ, ಅವ್ವ.’

‘ಮುರದ ಹಲ್ಲು ತೊಗೊಂಡು ಏನ್ ಮಾಡ್ತಾಳ?’

ಎಂಟು ತಾಸಿನ ಕಥೆಯ ಮೂಲ ಪ್ರಶ್ನೆಯೇ ಇದು. ಕ್ಲೋಯಿಗೆ ಮೊದಲು ಅದು ಮಾರಾಟದ ಸರಕು. ಆಮೇಲೆ ಗೊತ್ತಾಗುತ್ತದೆ, ಅವಳ ಅಪ್ಪ ಇದೇ ದಂತದ ಬೆನ್ನು ಹತ್ತಿ ಮನೆ-ಮಗಳು ಮರೆತವನು, ಅದರ ಹಾದಿಯಲ್ಲೇ ಜೀವ ಕಳೆದುಕೊಂಡವನು. ಹಣಕ್ಕೆ ಹುಡುಕುತ್ತೇನೆ ಅಂತ ಹೊರಟವಳು ಅಪ್ಪನನ್ನು ಹುಡುಕುತ್ತಿರುವುದು ನಿಧಾನಕ್ಕೆ ತೆರೆದುಕೊಳ್ಳುತ್ತದೆ. ಇದನ್ನು ಆಟ ಭಾಷಣ ಮಾಡಿ ಹೇಳುವುದಿಲ್ಲ, ಜೀಪು ಓಡಿಸುತ್ತ, ಗೋಡೆ ಹತ್ತುತ್ತ ಇಬ್ಬರೂ ಆಡುವ ಬಿಡಿ ಮಾತುಗಳಲ್ಲಿ ಹೇಳುತ್ತದೆ. ಬರವಣಿಗೆಯ ಮಟ್ಟಿಗೆ ಇದು ಈ ಆಟದ ಅಪ್ಪಟ ಬಲ. ಹೆಣ್ಣು ನಾಯಕಿ ಇದ್ದಾಳೆ ನೋಡಿ ಅಂತ ಬೆನ್ನು ತಟ್ಟಿಕೊಳ್ಳುವುದೂ ಇಲ್ಲ. ಇಬ್ಬರು ಕೆಲಸದವರು, ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇಲ್ಲ, ಒಂದೇ ಪ್ರಾಜೆಕ್ಟಿಗೆ ಬಿದ್ದಿದ್ದಾರೆ. ನಮ್ಮಲ್ಲಿ ಅರ್ಧ ಜನರ ಆಫೀಸಿನ ಕಥೆ. ನಡೀನ್‌ಗೆ ಆಗದ ಸ್ಯಾಮ್ ಡ್ರೇಕ್ ಈ ವ್ಯವಹಾರದಲ್ಲಿ ಇದ್ದಾನೆ ಅನ್ನೋದನ್ನು ಕ್ಲೋಯಿ ಮುಚ್ಚಿಟ್ಟಿರುತ್ತಾಳೆ. ಅದು ಬಯಲಾದಾಗ ನಡೀನ್ ಸಿಟ್ಟಾಗುವ ರೀತಿ, ಆಮೇಲೆ ಸಿಟ್ಟು ಇಳಿಯುವ ರೀತಿ, ಎರಡೂ ನಂಬುವ ಹಾಗಿವೆ. ಯಾರೂ ಅಳುತ್ತ ತಬ್ಬಿಕೊಳ್ಳುವುದಿಲ್ಲ.

ಇನ್ನು ಹತ್ತುವ ಆಟ.

ಬಾದಾಮಿ ಕಡೆಯವರಿಗೆ ಬಂಡೆ ಅಂದರೆ ಏನು ಅನ್ನೋದನ್ನು ಸ್ವಲ್ಪ ಹೇಳಬೇಕು. ಕೆಂಪು ಮರಳುಗಲ್ಲು, ಪದರ ಪದರ, ಅಡ್ಡ ಸೀಳುಗಳು. ಎಲ್ಲಿ ಬೆರಳು ಹೊಗುತ್ತದೆ, ಎಲ್ಲಿ ಜಾರುತ್ತದೆ ಅನ್ನೋದು ನಮ್ಮ ಹುಡುಗರಿಗೆ ಓದು ಬರಹಕ್ಕಿಂತ ಮೊದಲು ತಿಳಿದಿರುತ್ತದೆ. ಗುಹೆಗಳಿಂದ ದೂರದ ಬಂಡೆಗಳಲ್ಲಿ ಹಗ್ಗ ಕಟ್ಟಿಕೊಂಡು ಹತ್ತಲು ದೇಶ ವಿದೇಶದಿಂದ ಜನ ಬರುತ್ತಾರೆ. ಭಾರತದ ಅತಿ ಕಠಿಣ ಹತ್ತುದಾರಿಗಳಲ್ಲಿ ಒಂದು ಇಲ್ಲೇ ಇದೆ. ಅದರ ಹೆಸರು, ನಂಬಿ ಬಿಡಿ, ‘ಗಣೇಶ’. ಇಂಥ ಊರಿನ ಹುಡುಗನ ಕೈಗೆ ಕಂಟ್ರೋಲರ್ ಕೊಟ್ಟೆ. ಕ್ಲೋಯಿ ಜಿಗಿದು ಬೆರಳ ತುದಿಯಲ್ಲಿ ನೇತು ಬೀಳುತ್ತಾಳೆ, ಕಲ್ಲಿನ ಚೂರು ಉದುರುತ್ತದೆ, ಅವಳ ಉಸಿರು ಬಿಗಿಯುತ್ತದೆ. ಅವನ ಕಾಲಿನ ಬೆರಳುಗಳು ತಾವಾಗಿಯೇ ಮಡಚಿಕೊಂಡವು. ಈ ಆಟದ ಅನಿಮೇಶನ್ ಎಷ್ಟು ಚೆನ್ನಾಗಿದೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಪುರಾವೆ ನಾನು ಕೊಡಲಾರೆ. ಹಗ್ಗದ ಕೊಕ್ಕೆ ಎಸೆದು ಕಣಿವೆಯ ಮೇಲೆ ತೂಗಿ ಆಚೆ ಹಾರುವುದಂತೂ ಹತ್ತು ಸಲ ಮಾಡಿದರೂ ಬೇಸರ ಬರಲ್ಲ.

ಆದರೆ ಅರ್ಧ ಗಂಟೆಯಲ್ಲಿ ಹುಡುಗ ಒಂದು ದೋಷ ಹಿಡಿದ. ‘ಕಾಕಾ, ಇಕಿ ಕಲ್ಲು ನೋಡೂದೇ ಇಲ್ಲಲಾ. ಎಲ್ಲಿ ಹಿಡೀಬೇಕು ಅನ್ನೂದು ಮೊದಲ ಬರದಿಟ್ಟಾರ.’ ಸರಿಯಾದ ಮಾತು. ಹಿಡಿಯುವ ಜಾಗಗಳು ಬೇರೆ ಕಲ್ಲಿಗಿಂತ ಎದ್ದು ಕಾಣುವ ಹಾಗೆ ಇವೆ. ನೀವು ಕೋಲು ತಿರುಗಿಸಿದ ದಿಕ್ಕಿಗೆ ಅವಳು ಜಿಗಿಯುತ್ತಾಳೆ. ತಪ್ಪು ಹಿಡಿತ ಅನ್ನೋದೇ ಇಲ್ಲ, ದಣಿವಿಲ್ಲ. ಹತ್ತುವುದರ ನೋಟ ಇದೆ, ಹತ್ತುವವನು ಮಾಡುವ ಲೆಕ್ಕ ಇಲ್ಲ. ಚಿತ್ರದುರ್ಗದ ಕೋಟೆ ಗೋಡೆ ಬರಿಗೈಲಿ ಹತ್ತುವ ಜ್ಯೋತಿರಾಜ್ ಅವರನ್ನು ನೀವು ನೋಡಿರಬಹುದು. ಮುಂದಿನ ಹಿಡಿತಕ್ಕೆ ಮುಂಚೆ ಕೈ ಒಂದು ಕ್ಷಣ ಗೋಡೆಯನ್ನು ಕೇಳುತ್ತದೆ. ಆ ಕ್ಷಣ ಕ್ಲೋಯಿಗೆ ಬೇಕಾಗಿಯೇ ಇಲ್ಲ.

ನಾಲ್ಕನೇ ಅಧ್ಯಾಯ ‘ಪಶ್ಚಿಮ ಘಟ್ಟ’ಕ್ಕೆ ಬಂದಾಗ ಆಟ ಬಿಚ್ಚಿಕೊಳ್ಳುತ್ತದೆ. ಅಲ್ಲೀವರೆಗೆ ಕೈ ಹಿಡಿದು ಕರಕೊಂಡು ಹೋಗುತ್ತಿದ್ದದ್ದು ಒಂದು ಜೀಪು, ಒಂದು ಕೈನಕ್ಷೆ ಕೊಟ್ಟು ‘ಹೋಗು, ತಿರುಗಾಡು’ ಅನ್ನುತ್ತದೆ. ಮೂರು ಕೋಟೆಗಳು, ಯಾವುದಕ್ಕೆ ಮೊದಲು ಹೋಗಬೇಕು ಅನ್ನೋದು ನಿಮ್ಮಿಷ್ಟ. ಗೋಪುರವೊಂದನ್ನು ಹತ್ತಿ ಸುತ್ತ ನೋಡಿ ಕ್ಲೋಯಿ ನಕ್ಷೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಾಳೆ. ಕೆಸರಿನಲ್ಲಿ ಜೀಪು ಜಾರುತ್ತದೆ. ಹೊಯ್ಸಳ ಬಿಲ್ಲೆಗಳನ್ನು ಹುಡುಕುವ ಒಂದು ಉಪಕಥೆ ಇದೆ. ಅದು ಕಡ್ಡಾಯವಲ್ಲ, ನಡೀನ್ ಕೂಡ ‘ಇದು ಯಾಕೆ ಈಗ?’ ಅನ್ನೋ ಧಾಟಿಯಲ್ಲೇ ಇರುತ್ತಾಳೆ. ಕೆಲಸ ಬಿಟ್ಟು ಬೇರೆ ದಾರಿ ಹಿಡಿಯುವ ಸುಖ ಇದೆಯಲ್ಲ, ಶನಿವಾರ ಬೆಳಗ್ಗೆ ಸಕಲೇಶಪುರದ ಕಡೆ ಬೈಕ್ ತಿರುಗಿಸಿದವರಿಗೆ ಗೊತ್ತು. ಇಡೀ ಸರಣಿಯಲ್ಲೇ ನನಗೆ ಇಷ್ಟವಾದ ಭಾಗ ಇದು. ಒಂದೇ ತಕರಾರು: ಅಷ್ಟು ಹಸಿರಿನಲ್ಲಿ ಅಷ್ಟು ಹೊತ್ತು ತಿರುಗಿದ ಇಬ್ಬರಿಗೂ ಒಂದು ಇಂಬಳ ಹತ್ತಲಿಲ್ಲ. ಇದು ನಮ್ಮ ಘಟ್ಟ ಅಲ್ಲ ಅನ್ನೋದಕ್ಕೆ ಮಲೆನಾಡಿನವರಿಗೆ ಬೇರೆ ಸಾಕ್ಷಿ ಬೇಡ.

ಈಗ ಆ ಮುಳ್ಳಿಗೆ ಬರುತ್ತೇನೆ.

ಹಳೇಬೀಡು ಘಟ್ಟದ ಜಲಪಾತಗಳ ನಡುವೆ ಇಲ್ಲ, ಹಾಸನದ ಬಯಲಿನಲ್ಲಿದೆ. ಬೇಲೂರಿಗೆ ಅಲ್ಲಿಂದ 16 ಕಿಲೋಮೀಟರ್. ಸುರಂಗ, ತಿರುಗುವ ಯಂತ್ರ, ನೆರಳಿನ ಒಗಟು ಯಾವುದೂ ಬೇಡ, ಕೆಂಪು ಬಸ್ಸು ಹತ್ತಿದರೆ ಆಯಿತು. ಹೆಸರಿನದೇ ಒಂದು ತಮಾಷೆ. ‘ಹಳೇಬೀಡು’ ಅಂದರೆ ಹಳೆಯ ಬೀಡು, ಹಾಳಾದ ಮೇಲೆ ಬಂದ ಹೆಸರು. ವೈಭವದಲ್ಲಿದ್ದಾಗ ಅದು ದೋರಸಮುದ್ರ. ಆಟದಲ್ಲಿ ಮಾತ್ರ ವೈಭವದ ರಾಜಧಾನಿಯ ಹೆಸರೇ ಹಳೇಬೀಡು. ಹೊಸ ಮನೆ ಗೃಹಪ್ರವೇಶಕ್ಕೆ ‘ಹಳೇಮನೆ’ ಅಂತ ಬೋರ್ಡು ಹಾಕಿದ ಹಾಗೆ.

‘ಗೇಮ್ ಕಣೋ, ಸಮಾಜ ಪುಸ್ತಕ ಅಲ್ಲ’ ಅಂತ ನೀವು ಅನ್ನಬಹುದು. ನನ್ನ ಗೆಳೆಯರೂ ಅಂದರು, ಒಪ್ಪುತ್ತೇನೆ. ಭೂಗೋಳ ತಪ್ಪಿದ್ದಕ್ಕೆ ನನ್ನ ಸಿಟ್ಟಿಲ್ಲ. ಕಂಪನಿ ನಾಟಕ ನೋಡಿ ಬೆಳೆದವನು ನಾನು. ನಮ್ಮ ಜಾತ್ರೆಯಲ್ಲಿ ತಿಂಗಳಗಟ್ಟಲೆ ಡೇರೆ ಹಾಕುವ ಕಂಪನಿಗಳು ಒಂದು ಪರದೆ ಎಳೆದು ಅರಮನೆ ಅನ್ನುತ್ತವೆ, ಇನ್ನೊಂದು ಎಳೆದು ಅಡವಿ ಅನ್ನುತ್ತವೆ. ನಾವು ಒಪ್ಪಿಕೊಂಡು ಶಿಳ್ಳೆ ಹೊಡೆಯುತ್ತೇವೆ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ರಂಗದ ಮೇಲೆ ನಿಜವಾದ ಆನೆಯನ್ನೇ ತಂದವರು. ಲಾಸ್ಟ್ ಲೆಗಸಿಯಲ್ಲೂ ಒಂದು ಆನೆ ಇದೆ, ಸಿಕ್ಕಿಬಿದ್ದದ್ದನ್ನು ಬಿಡಿಸಿ ಇಬ್ಬರೂ ಅದರ ಮೇಲೆ ಸವಾರಿ ಮಾಡುತ್ತಾರೆ. ವಿದೇಶಿಗರು ಭಾರತದ ಕಥೆ ಮಾಡಿದರೆ ಆನೆ ಬರಲೇಬೇಕಾ ಅಂತ ಬೈಯಲು ಬಾಯಿ ತೆರೆದವನು ಸುಮ್ಮನಾದೆ. ಗುಂಡಿನ ಸದ್ದೆಲ್ಲ ನಿಂತು, ಸಂಜೆ ಬೆಳಕಿನಲ್ಲಿ ಅದು ಹೆಜ್ಜೆ ಹಾಕುವಾಗ ಅವ್ವ ಕೂಡ ಪಲ್ಲೆ ಸೋಸುವುದು ನಿಲ್ಲಿಸಿದ್ದಳು.

ನನ್ನ ತಕರಾರು ಅಳತೆಯದು. ಆಟದ ಹೊಯ್ಸಳರು ಗುಡ್ಡ ಕಡಿದು ಶಿವನನ್ನು ನಿಲ್ಲಿಸುತ್ತಾರೆ, ಕಣಿವೆಯಷ್ಟು ದೊಡ್ಡ ಗಣೇಶನನ್ನು ಕೂರಿಸುತ್ತಾರೆ. ನಾವು ತಲೆ ಎತ್ತಿ ‘ಅಬ್ಬಾ’ ಅನ್ನಬೇಕು. ನಿಜವಾದ ಹೊಯ್ಸಳರ ಕೆಲಸ ಪೂರಾ ಉಲ್ಟಾ. ಬಳಪದ ಕಲ್ಲು ಹಿಡಿದವರು ಅವರು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿದ್ದು ಗಟ್ಟಿಯಾಗುವ ಕಲ್ಲು. ಅದರಲ್ಲಿ ಅವರು ಕೆತ್ತಿದ್ದು ಬಳೆಯ ಮೇಲಿನ ಚುಕ್ಕೆ, ಹಾರದ ಮಣಿಗಳ ನಡುವಿನ ಸಂದಿ. ಹಳೇಬೀಡಿನ ದೇವಸ್ಥಾನಕ್ಕೆ ಈಗ ಶಿಖರವೇ ಇಲ್ಲ, ದೂರದಿಂದ ನೋಡಿದರೆ ‘ಇಷ್ಟೇನಾ’ ಅನಿಸುತ್ತದೆ. ಹತ್ತಿರ ಹೋಗಬೇಕು. ಜಗತಿಯ ಮೇಲೆ ನಿಂತು, ಕೆಳಗಿನ ಆನೆಗಳ ಸಾಲು ನೋಡಲು ಸೊಂಟ ಬಗ್ಗಿಸಬೇಕು. ಒಂದು ಆನೆಯ ಹಾಗೆ ಇನ್ನೊಂದಿಲ್ಲ ಅನ್ನೋದು ಹತ್ತು ನಿಮಿಷ ಬಗ್ಗಿದ ಮೇಲೆ ತಿಳಿಯುತ್ತದೆ. ಹೊಯ್ಸಳ ಶಿಲ್ಪವನ್ನು ನೋಡುವ ಕ್ರಮ ಬಗ್ಗುವುದು, ನಿಲ್ಲುವುದು, ಸುತ್ತು ಬರುವುದು. ಆಟ ಕೊಟ್ಟಿರುವ ಗುಂಡಿಗಳಲ್ಲಿ ಜಿಗಿಯುವುದಿದೆ, ತೂಗುವುದಿದೆ, ಗುಂಡು ಹಾರಿಸುವುದಿದೆ. ಕ್ಲೋಯಿ ಕೂತು ಬಗ್ಗುವುದು ಹುಲ್ಲಿನಲ್ಲಿ ಅಡಗಿ ಕುತ್ತಿಗೆ ಮುರಿಯಲಿಕ್ಕೆ ಮಾತ್ರ. ಒಂದು ಸಂಸ್ಕೃತಿಯ ಹೆಸರು ತಂದ ಆಟ, ಅದನ್ನು ನೋಡುವ ಕ್ರಮವನ್ನು ತರಲಿಲ್ಲ.

ತರಲು ಅವರಿಗೆ ಬರುವುದಿಲ್ಲ ಅಂತಲ್ಲ, ಅದೇ ಬೇಸರ. ನೆರಳಿನ ಒಗಟು ಒಂದಿದೆ. ಮೂರ್ತಿಯ ತುಂಡುಗಳನ್ನು ತಿರುಗಿಸಿ, ಬೆಳಕಿಗೆ ಹಿಡಿದು, ಗೋಡೆಯ ಮೇಲೆ ಸರಿಯಾದ ನೆರಳು ಬೀಳಿಸಬೇಕು. ನಮ್ಮ ತೊಗಲುಗೊಂಬೆಯಾಟದ ದೂರದ ನೆಂಟ. ಅಲ್ಲಿ ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ, ನೀವು ನಿಂತು ನೋಡಲೇಬೇಕು, ಕತ್ತು ಓರೆ ಮಾಡಲೇಬೇಕು. ಪರಶುರಾಮನ ಕೊಡಲಿಯಿಂದ ಗಣೇಶನ ದಂತ ಮುರಿದ ಕಥೆಯನ್ನೂ ಆಟ ಮರ್ಯಾದೆಯಿಂದಲೇ ಹೇಳುತ್ತದೆ, ಗೇಲಿ ಇಲ್ಲ, ‘ನಿಗೂಢ ಪೂರ್ವದೇಶ’ ಅನ್ನುವ ಧೂಪದ ಹೊಗೆಯೂ ಕಮ್ಮಿ. ಇಂಥ ಐದಾರು ಒಗಟು ಇದ್ದು, ಅರ್ಧ ಗುಂಡಿನ ಕಾಳಗ ಕಮ್ಮಿಯಾಗಿದ್ದರೆ ನಾನು ಈ ಲೇಖನವನ್ನೇ ಬೇರೆ ಬರೆಯುತ್ತಿದ್ದೆ.

ಗುಂಡಿನ ಕಾಳಗ ಕೆಟ್ಟದಾಗಿಲ್ಲ, ಜಾಸ್ತಿಯಾಯಿತು ಅಷ್ಟೆ. ಸದ್ದಡಗಿಸಿದ ಪಿಸ್ತೂಲು ಹೊಸದು, ಬೀಗ ತೆರೆಯುವುದು ಹೊಸದು, ಮಿಕ್ಕದ್ದು ಹಳೆಯದು. ಖಳ ಅಸಾವ್ ಕನ್ನಡಕ ಹಾಕಿದ, ಮೆಲುದನಿಯ ಬಂಡುಕೋರ ನಾಯಕ. ಮೊದಲ ದೃಶ್ಯದಲ್ಲಿ ನಡುಕ ಹುಟ್ಟಿಸುತ್ತಾನೆ, ಕೊನೆಗೆ ಎಲ್ಲ ಖಳರ ಹಾಗೆ ಮುಷ್ಟಿಯುದ್ಧಕ್ಕೆ ಇಳಿಯುತ್ತಾನೆ. ಅವನಿಗೆ ಈ ದೇಶದಲ್ಲಿ ಏನು ಆಗಬೇಕಿದೆ, ಯಾರ ಪರ, ಯಾಕೆ ಅನ್ನೋದು ತೆಳು. ಕೊನೆಯ ರೈಲಿನ ಅಧ್ಯಾಯ ಬೆವರಿಳಿಸುತ್ತದೆ, ಆದರೆ 2009ರ ಎರಡನೇ ಭಾಗದಲ್ಲೇ ಈ ಕಂಪನಿ ರೈಲು ಹತ್ತಿಸಿತ್ತು. ಘಟ್ಟದಲ್ಲಿ ನಕ್ಷೆ ಕೈಗೆ ಕೊಟ್ಟವರು ಕೊನೆಗೆ ಹಳಿಯ ಮೇಲೇ ಓಡಿಸುತ್ತಾರೆ.

ಇನ್ನೊಂದು. ಹೊಯ್ಸಳ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತುತ್ತಿದ್ದರು, ಕನ್ನಡದಲ್ಲಿ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ಮಲ್ಲಿತಮ್ಮ. ಎಂಟುನೂರು, ಒಂಬೈನೂರು ವರ್ಷದ ಹಿಂದಿನ ಕ್ರೆಡಿಟ್ಸ್. ನಮ್ಮ ಬಾದಾಮಿಯಲ್ಲಿ ಅದಕ್ಕಿಂತ ಹಳೆಯದು, ತಟ್ಟುಕೋಟೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ, ಅದರಲ್ಲಿ ತ್ರಿಪದಿಗಳಿವೆ. ಅಂದರೆ ಈ ಸೀಮೆಯ ಬಂಡೆಗಳು ಹತ್ತಲಿಕ್ಕೆ ಮಾತ್ರ ಅಲ್ಲ, ಓದಲಿಕ್ಕೂ ಇವೆ. ಎರಡು ಸಲ ಆಡಿದರೂ ಲಾಸ್ಟ್ ಲೆಗಸಿಯಲ್ಲಿ ಒಂದು ಕನ್ನಡ ಮಾತು ನನ್ನ ಕಿವಿಗೆ ಬೀಳಲಿಲ್ಲ. ಇಷ್ಟೆಲ್ಲ ಕಟ್ಟಿದ ಜನ ಯಾವ ಭಾಷೆಯಲ್ಲಿ ಜಗಳ ಆಡುತ್ತಿದ್ದರು ಅಂತ ಕ್ಲೋಯಿಗೂ ಕುತೂಹಲ ಹುಟ್ಟಲಿಲ್ಲ. 2020ರಲ್ಲಿ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನ ಸಣ್ಣ ತಂಡ ‘ರಾಜಿ’ ಅಂತ ಒಂದು ಆಟ ಮಾಡಿತು. ಕಾಳಗ ಒರಟು, ಬೇಗ ಮುಗಿದೂ ಹೋಗುತ್ತದೆ. ಆದರೆ ಅದರಲ್ಲಿ ಗೋಡೆಯ ಚಿತ್ರದ ಮುಂದೆ ನಿಂತರೆ ಯಾರೋ ಮನೆಯವರು ಕಥೆ ಹೇಳಿದ ಹಾಗೆ ಇರುತ್ತದೆ. ದುಡ್ಡು ಇವರಲ್ಲಿ, ನೆನಪು ಅವರಲ್ಲಿ. ಎರಡೂ ಇರುವ ಆಟ ಇನ್ನೂ ನನ್ನ ಕೈಗೆ ಬಂದಿಲ್ಲ.

ಅವ್ವನ ದೊಡ್ಡ ಆಕ್ಷೇಪ ಬಂದದ್ದು ಎರಡನೇ ರಾತ್ರಿ. ಕ್ಲೋಯಿ ಮೂರ್ತಿಯೊಂದರ ಮೈ ಹತ್ತುತ್ತಿದ್ದಳು. ತೋಳು ಹಿಡಿದು ಮೇಲೆ ಬಂದು ಹೆಗಲ ಮೇಲೆ ಬೂಟುಗಾಲು ಊರಿ ನಿಂತಳು.

‘ದೇವರ ಮೈಮ್ಯಾಲೆ ಕಾಲಿಡ್ತಾಳಲ್ಲೋ ಆಕಿ!’

ಕಲ್ಲು ಅವ್ವ, ಕಂಪ್ಯೂಟರಿನ ಕಲ್ಲು, ಅಂತೆಲ್ಲ ಸಮಜಾಯಿಷಿ ಕೊಟ್ಟೆ. ಇದರಿಂದ ಧರ್ಮಕ್ಕೆ ಧಕ್ಕೆ ಅಂತ ಕೂಗುವ ಜನಕ್ಕೆ ಸೇರಿದವನಲ್ಲ ನಾನು, ಅವ್ವನೂ ಅಲ್ಲ. ಮರುದಿನ ಬೆಳಗ್ಗೆ ಹುಡುಗನನ್ನು ಕರಕೊಂಡು ಅಗಸ್ತ್ಯ ತೀರ್ಥದ ದಂಡೆಗೆ ಹೋದೆ. ಒಂದನೇ ಗುಹೆಯ 18 ಕೈಗಳ ನಟರಾಜನನ್ನು ನೋಡಿದೆವು, ಸುಮಾರು 5 ಅಡಿ, ಅಷ್ಟೇ. ಅಷ್ಟರಲ್ಲಿ ಕುಣಿತ ಪೂರ್ತಿ ಇದೆ. ಮಂಗಗಳಿಂದ ಬಾಳೆಹಣ್ಣು ಉಳಿಸಿಕೊಂಡೆವು. ಅಸಾವ್‌ನ ಇಡೀ ಸೈನ್ಯ ಬಾದಾಮಿಯ ಒಂದು ಮಂಗಕ್ಕೆ ಸಮ ಇಲ್ಲ. ಭೂತನಾಥದ ಕಡೆ ಬಂದು ನಾನು ಫೋನು ನೋಡುತ್ತಿದ್ದೆ. ತಲೆ ಎತ್ತಿದರೆ, ಹುಡುಗ ಹಿಂದಿನ ಬಂಡೆಯಲ್ಲಿ ಕೆತ್ತಿದ ಒಂದು ಮೂರ್ತಿಯ ಹೆಗಲ ಮೇಲೆ ಕಾಲಿಟ್ಟು ಮೇಲಿನ ಸೀಳಿಗೆ ಕೈ ಚಾಚಿದ್ದ. ಕಾವಲುಗಾರನ ಸೀಟಿ ನನಗಿಂತ ಮೊದಲು ಅವನನ್ನು ಮುಟ್ಟಿತು.

‘ಹಿಡಿಯಾಕ ಛಲೋ ಐತಿ ಕಾಕಾ’ ಅಂದ ಇಳಿದು ಬಂದು, ಏನೂ ಆಗದವನ ಹಾಗೆ.

ನಕ್ಕೆ ಮೊದಲು. ಆಮೇಲೆ ನಗು ಬರಲಿಲ್ಲ. ಅವನ ಚಪ್ಪಲಿ ತಾಗಿದಲ್ಲಿ ಒಂದಷ್ಟು ಕೆಂಪು ಪುಡಿ ಉದುರಿತ್ತು. ಮರಳುಗಲ್ಲು, ಸಾವಿರದ ನಾನೂರು ವರ್ಷದಷ್ಟು ಹಳೆಯ ಕೆಲಸದ ನಾಡು, ಮಳೆ ಗಾಳಿಗೇ ಸವೆಯುತ್ತದೆ. ಗೇಮ್ ಆಡಿ ಮಕ್ಕಳು ಕೆಡುತ್ತಾರೆ ಅನ್ನೋ ವಾದ ನನ್ನದಲ್ಲ. ಗೇಮ್ ಇಲ್ಲದಾಗಲೂ ನಮ್ಮೂರ ಹುಡುಗರು ಎಲ್ಲೆಲ್ಲೋ ಹತ್ತಿದ್ದಾರೆ, ನಾನೂ ಹತ್ತಿದ್ದೇನೆ. ಆದರೆ ಲಾಸ್ಟ್ ಲೆಗಸಿ ಅವನಿಗೆ ಎಂಟು ತಾಸು ಹೇಳಿಕೊಟ್ಟದ್ದು ಇದನ್ನೇ: ಕೆತ್ತನೆ ಅಂದರೆ ಮೆಟ್ಟಿಲು, ಮೂರ್ತಿಯ ಒಳಗೆ ಒಂದು ಸನ್ನೆಗೋಲು, ಎಳೆದರೆ ಬಾಗಿಲು. ಆಟದಲ್ಲಿ ಹಳೆಯದೆಲ್ಲ ನಾಯಕಿ ಮುಟ್ಟಿದ ಕೂಡಲೇ ಕುಸಿಯುತ್ತದೆ, ಅವಳು ದಾಟಿದ ಮೇಲೆ ಅದರ ಅಗತ್ಯ ಯಾರಿಗೂ ಇಲ್ಲ.

ಕೆರೆಯ ಮೆಟ್ಟಿಲ ಮೇಲೆ ಕೂತು ಅವನಿಗೆ ವಾತಾಪಿ ಗಣಪತಿಯ ಕಥೆ ಹೇಳಿದೆ. 642ರಲ್ಲಿ ಪಲ್ಲವರ ನರಸಿಂಹವರ್ಮ ಈ ಊರನ್ನು ಗೆದ್ದದ್ದು, ಅವನ ಸೇನಾಪತಿ ಪರಂಜ್ಯೋತಿ ಇಲ್ಲಿಯ ಗಣಪತಿಯನ್ನು ತಮಿಳುನಾಡಿಗೆ ಒಯ್ದು ತನ್ನ ಊರಾದ ತಿರುಚೆಂಗಾಟ್ಟಾಂಗುಡಿಯಲ್ಲಿ ಇಟ್ಟ ಅನ್ನೋ ಪ್ರತೀತಿ, ಆಮೇಲೆ ಮುತ್ತುಸ್ವಾಮಿ ದೀಕ್ಷಿತರ ಕೀರ್ತನೆಯಲ್ಲಿ ಈ ಊರಿನ ಹೆಸರು ಉಳಿದದ್ದು. ಅವನು ಕೇಳಿದ, ‘ಅಂದ್ರ ನಮ್ದು ಹಲ್ಲಲ್ಲ, ಇಡೀ ಗಣಪ್ಪನ ಹೋಗ್ಯಾನ?’ ಹೌದಪ್ಪಾ. ‘ಮತ್ತ ಅದರ ಮ್ಯಾಲೆ ಯಾಕ ಗೇಮ್ ಮಾಡಿಲ್ಲ?’ ನನ್ನಲ್ಲಿ ಉತ್ತರ ಇರಲಿಲ್ಲ. ಕೋಡಿಂಗ್ ಮಾಡಿ ಹೊಟ್ಟೆ ಹೊರೆಯುವವನಿಗೆ ಆ ಪ್ರಶ್ನೆ ಸ್ವಲ್ಪ ಜಾಸ್ತಿಯೇ ನಾಟಿತು.

ಆ ರಾತ್ರಿ ಆಟ ಮುಗಿಸಿದೆವು. ರೈಲು ಬಿತ್ತು, ಅಸಾವ್ ಸತ್ತ. ದಂತವನ್ನು ಮಾರದೆ ಸರ್ಕಾರದ ಸಂಸ್ಕೃತಿ ಇಲಾಖೆಗೆ ಕೊಡುವುದು ಅಂತ ಕ್ಲೋಯಿ ಹೇಳುತ್ತಾಳೆ, ಸ್ಯಾಮ್‌ಗೆ ಹೊಟ್ಟೆ ಉರಿ. ಲೂಟಿಯನ್ನೇ ಕಸುಬು ಮಾಡಿಕೊಂಡ ಸರಣಿಯಲ್ಲಿ ಇದು ಸಣ್ಣ ವಿಷಯವಲ್ಲ. ಆದರೆ ಆ ನಿರ್ಧಾರವನ್ನು ಹೆಸರುಗಳು ತೆರೆ ಮೇಲೆ ಏರುವ ಹೊತ್ತಿನ ಹರಟೆಯಲ್ಲಿ ಮುಗಿಸಿಬಿಟ್ಟರು. ಆಟಗಾರನ ಕೈಗೆ ಅದನ್ನು ಕೊಡಬಹುದಿತ್ತು. ದಂತ ಹೊತ್ತು ಒಂದು ಮ್ಯೂಸಿಯಂ ಮೆಟ್ಟಿಲು ಹತ್ತಿಸಿದ್ದರೂ ಸಾಕಿತ್ತು.

ಆ ಹರಟೆ ನಡೆಯುವುದು ಪಿಜ್ಜಾ ತಿನ್ನುತ್ತ. ಮೊದಲ ದಿನದಿಂದ ಅವ್ವ ಕೇಳುತ್ತಲೇ ಇದ್ದಳು, ಈ ಹುಡುಗಿಯರಿಗೆ ಹಸಿವಾಗೂದಿಲ್ಲೇನು ಅಂತ. ತರಕಾರಿಯನ್ನೇ ಮೈತುಂಬ ತೊಡುವ ಶಾಕಾಂಬರಿಯ ಊರು ನಮ್ಮದು, ದೇವಸ್ಥಾನದ ಮುಂದೆ ರೊಟ್ಟಿ, ಕೆಂಪು ಖಾರ, ಮೊಸರು ಹಿಡಿದು ಹೆಣ್ಣುಮಕ್ಕಳು ದಾರಿಹೋಕರನ್ನು ಕೂಗಿ ಕರೆದು ಉಣಿಸುತ್ತಾರೆ. ಆ ಊರಿನ ಕಣ್ಣಿಗೆ ಎಂಟು ತಾಸು ಉಪವಾಸ ಬಿದ್ದು ಗುಡ್ಡ ಹತ್ತುವವರು ಕಂಡದ್ದು ಹಾಗೆಯೇ.

ತೆರೆಯ ಮೇಲೆ ಕ್ಲೋಯಿ ಪಿಜ್ಜಾದ ತುಂಡು ಎತ್ತಿದಳು.

‘ಅಂತೂ ಉಂಡರಪಾ’ ಅಂದಳು ಅವ್ವ ಎದ್ದು. ‘ಬಂದ್ ಮಾಡು ಇನ್ನ. ರೊಟ್ಟಿ ಆರಾಕತ್ತಾವ.’